ಕೊಳೆ ಎಲ್ಲಿಂದ ಶುರುವಾಯಿತು?

ಎಲೆಗೆ ಬಂದ ರೋಗ ಕಣ್ಣಿಗೆ ಬೀಳುತ್ತದೆ. ಗೆಡ್ಡೆಗೆ ಬಂದ ರೋಗ ಮಣ್ಣಿನೊಳಗೆ ಕೂತು ತನ್ನ ಕೆಲಸ ಮುಗಿಸಿದ ಮೇಲಷ್ಟೇ ಗೊತ್ತಾಗುತ್ತದೆ. ಗಿಡ ಹಳದಿಯಾಯಿತಲ್ಲ ಎಂದು ಅಗೆದು ನೋಡಿದರೆ ಕೈಗೆ ಸಿಗುವುದು ಮೆತ್ತಗಾದ, ನಾರುವ ಒಂದು ಮುದ್ದೆ. ಅದರಲ್ಲಿ ಬೂಸ್ಟಿನ ಎಳೆಗಳಿರುತ್ತವೆ, ಬ್ಯಾಕ್ಟೀರಿಯಾ ಇರುತ್ತದೆ, ನುಸಿ ಇರುತ್ತದೆ, ನೊಣದ ಮರಿಹುಳು ಇರುತ್ತದೆ. ಇಷ್ಟು ಜನರ ಸಂತೆಯಲ್ಲಿ ಕೊಂದವರು ಯಾರು, ಸತ್ತ ಮೇಲೆ ಊಟಕ್ಕೆ ಬಂದವರು ಯಾರು?

ಈ ಪ್ರಶ್ನೆ ಸಣ್ಣದಾಗಿ ಕಾಣುತ್ತದೆ. ಆದರೆ ಗೆಡ್ಡೆ ಹೂವನ್ನು ನಂಬಿ ಬದುಕಿದ ಊರುಗಳಿಗೆ ಇದು ಅನ್ನದ ಪ್ರಶ್ನೆಯಾಗಿತ್ತು. ಕೊಂದವರನ್ನು ತಪ್ಪಾಗಿ ಗುರುತಿಸಿದರೆ ಮದ್ದೂ ತಪ್ಪುತ್ತದೆ. ಮದ್ದು ತಪ್ಪಿದರೆ ಮುಂದಿನ ವರ್ಷದ ಬಿತ್ತನೆಯೇ ಇಲ್ಲ. ಯುರೋಪಿನ ಮೂರು ಬೆಳೆಗಳಲ್ಲಿ, ಮೂರು ಬೇರೆ ಬೇರೆ ಕಾಲದಲ್ಲಿ, ಈ ಪ್ರಶ್ನೆಗೆ ಉತ್ತರ ಹುಡುಕಿದ ಕಥೆ ಇದು. ಮೊದಲನೆಯದು ಫ್ರಾನ್ಸಿನ ಕೇಸರಿ, ಎರಡನೆಯದು ಹಾಲೆಂಡಿನ ಹಯಸಿಂತ್, ಮೂರನೆಯದು ಇಂಗ್ಲೆಂಡಿನ ನಾರ್ಸಿಸಸ್. ಕೇಸರಿಯನ್ನು ಬೆಳೆಯುವುದು ಅಲಂಕಾರಕ್ಕಲ್ಲ, ನಿಜ. ಆದರೆ ಅದು ತೋಟಗಳಲ್ಲಿ ಅರಳುವ ಕ್ರೋಕಸ್ ಹೂವಿನ ಬಳಗದ್ದೇ ಗಿಡ. ಗೆಡ್ಡೆ ಕೊಳೆಯುವ ರೋಗವನ್ನು ಗುರುತಿಸಿದ ಚರಿತ್ರೆ ಅದನ್ನು ಬಿಟ್ಟು ಶುರುವಾಗುವುದೇ ಇಲ್ಲ.

ಗೆಡ್ಡೆ ಎಂಬ ಒಂದೇ ಮಾತಿನಲ್ಲಿ ನಾವು ಹಲವನ್ನು ಹೇಳಿಬಿಡುತ್ತೇವೆ. ಹಯಸಿಂತ್, ನಾರ್ಸಿಸಸ್, ಟುಲಿಪ್ ಗೆಡ್ಡೆಗಳು ಈರುಳ್ಳಿಯ ಹಾಗೆ ಪದರು ಪದರಾಗಿರುತ್ತವೆ, ಇವು ಬಲ್ಬುಗಳು. ಅವುಗಳ ಬುಡದಲ್ಲಿ ಒಂದು ಗಟ್ಟಿ ಬಿಲ್ಲೆ ಇರುತ್ತದೆ. ಬೇರು ಹೊರಡುವುದೂ ಪದರುಗಳು ಕೂಡಿಕೊಳ್ಳುವುದೂ ಅಲ್ಲೇ. ಕೇಸರಿ, ಗ್ಲಾಡಿಯೋಲಸ್ ಗೆಡ್ಡೆಗಳಲ್ಲಿ ಪದರುಗಳಿಲ್ಲ; ಸುವರ್ಣಗೆಡ್ಡೆಯ ಹಾಗೆ ಒಳಗೆಲ್ಲ ಗಟ್ಟಿ ತಿರುಳು, ಮೇಲೆ ನಾರಿನ ಸಿಪ್ಪೆ. ಇವು ಕಾರ್ಮುಗಳು. ಎರಡಕ್ಕೂ ಸಮಾನವಾದ ಒಂದು ಗುಣವಿದೆ: ಗೆಡ್ಡೆಯೇ ಉಗ್ರಾಣ, ಗೆಡ್ಡೆಯೇ ಬೀಜ. ಕೇಸರಿ ಗಿಡವಂತೂ ಬೀಜ ಕಟ್ಟುವುದೇ ಇಲ್ಲ. ಹಳೆಯ ಗೆಡ್ಡೆ ಬತ್ತಿ ಅದರ ಮೇಲೆ ಹುಟ್ಟುವ ಮರಿಗೆಡ್ಡೆಗಳೇ ಮುಂದಿನ ಬೆಳೆ. ಆದ್ದರಿಂದ ಗೆಡ್ಡೆ ಕೊಳೆತರೆ ಹೋಗುವುದು ಒಂದು ವರ್ಷದ ಫಸಲಲ್ಲ, ವಂಶ.

ಪ್ಯಾರಿಸ್ಸಿನ ದಕ್ಷಿಣಕ್ಕೆ ಗಾತಿನೆ ಎಂಬ ಸೀಮೆಯಿದೆ. ಹದಿನೆಂಟನೆಯ ಶತಮಾನದಲ್ಲಿ ಅಲ್ಲಿನ ಕೇಸರಿಗೆ ಒಳ್ಳೆಯ ಹೆಸರಿತ್ತು. ಅಲ್ಲಿನ ಬೆಳೆಗಾರರನ್ನು ಕಾಡುತ್ತಿದ್ದ ರೋಗಕ್ಕೆ ಅವರು ಇಟ್ಟ ಹೆಸರು ‘ಸಾವು’, ಅಷ್ಟೇ. ಹೊಲದ ಮಧ್ಯೆ ಎಲ್ಲೋ ಒಂದು ಗಿಡ ಒಣಗುತ್ತಿತ್ತು. ಮುಂದೆ ಅದರ ಸುತ್ತಲಿನವು, ಆಮೇಲೆ ಅವುಗಳ ಸುತ್ತಲಿನವು. ನೀರಿಗೆ ಕಲ್ಲೆಸೆದಾಗ ಅಲೆ ಹರಡುವಂತೆ ಸಾವಿನ ವೃತ್ತ ದೊಡ್ಡದಾಗುತ್ತಿತ್ತು. ಕಾಯಿಲೆ ಬಿದ್ದ ಹೊಲದ ಒಂದು ಸಲಿಕೆ ಮಣ್ಣನ್ನು ಒಳ್ಳೆಯ ಹೊಲಕ್ಕೆ ಎಸೆದರೂ ಸಾಕು, ಅಲ್ಲೂ ಸಾವು ಶುರುವಾಗುತ್ತದೆಂದು ರೈತರಿಗೆ ಗೊತ್ತಿತ್ತು. ಅದಕ್ಕಾಗಿ ಅವರು ರೋಗದ ಜಾಗದ ಸುತ್ತ ಕಂದಕ ತೋಡಿ, ತೋಡಿದ ಮಣ್ಣನ್ನು ಒಳಗಿನ ಕಡೆಗೇ ಹಾಕುತ್ತಿದ್ದರು. ರೋಗ ಅಂಟುತ್ತದೆ ಎಂಬುದು ಅವರ ಸಲಿಕೆಗೆ ತಿಳಿದಿತ್ತು. ಏನು ಅಂಟುತ್ತದೆ ಎಂಬುದು ಯಾರಿಗೂ ತಿಳಿದಿರಲಿಲ್ಲ.

ಅದನ್ನು ನೋಡಲು ಹೊರಟವರು ಅನ್ರಿ-ಲೂಯಿ ದ್ಯುಹಾಮೆಲ್ ದ್ಯು ಮೊನ್ಸೊ. 1700ರಲ್ಲಿ ಹುಟ್ಟಿದ ಇವರಿಗೆ ಆ ಸೀಮೆಯ ಪಿತಿವಿಯೆ ಊರಿನ ಹತ್ತಿರ ಸ್ವಂತ ಜಮೀನಿತ್ತು. ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿ ಈ ರೋಗದ ವಿಚಾರಣೆಯನ್ನು ಅವರಿಗೆ ವಹಿಸಿತು. ಅವರು ಮಾಡಿದ ಕೆಲಸ ಇಂದು ಕೇಳಿದರೆ ಸರಳ. ಸಾವಿನ ವೃತ್ತದ ನಡುವಿನಿಂದಲೂ ಅಂಚಿನಿಂದಲೂ ಗೆಡ್ಡೆಗಳನ್ನು ಅಗೆದು ಪಕ್ಕಪಕ್ಕದಲ್ಲಿಟ್ಟು ನೋಡಿದರು. ನಡುವಿನ ಗೆಡ್ಡೆಗಳು ಪೂರ್ತಿ ಹಾಳಾಗಿದ್ದವು. ಅವುಗಳಿಂದ ಏನೂ ತಿಳಿಯುವಂತಿರಲಿಲ್ಲ. ಅಂಚಿನವುಗಳಲ್ಲಿ ರೋಗ ಆಗಷ್ಟೇ ಕಾಲಿಡುತ್ತಿತ್ತು. ಅಲ್ಲಿ ನಾರಿನ ಸಿಪ್ಪೆಯ ಮೇಲೆ ನೇರಳೆ ಬಣ್ಣದ ಎಳೆಗಳು ಕಂಡವು. ಆ ಎಳೆಗಳು ಮಣ್ಣಿನಲ್ಲಿದ್ದ ಸಣ್ಣ ಕೆಂಪು ಉಂಡೆಗಳಿಂದ ಬರುತ್ತಿದ್ದವು, ಒಂದು ಗೆಡ್ಡೆಯಿಂದ ಇನ್ನೊಂದಕ್ಕೆ ಹಾದುಹೋಗುತ್ತಿದ್ದವು. ರೋಗವನ್ನು ಅದರ ಅಂಚಿನಲ್ಲಿ ನೋಡಬೇಕು ಎಂಬ ಈ ಪಾಠ ಈ ಕಥೆಯಲ್ಲಿ ಮತ್ತೆ ಮತ್ತೆ ಬರುತ್ತದೆ.

ಆ ಉಂಡೆಗಳು ಕೊಳೆತದ್ದರಿಂದ ಹುಟ್ಟಿದ ಕಸವೋ, ಕೊಳೆಸಿದ ಜೀವಿಯೋ? ದ್ಯುಹಾಮೆಲ್ ಅವನ್ನು ಆರಿಸಿ ತಂದು, ಆರೋಗ್ಯವಾಗಿದ್ದ ಗೆಡ್ಡೆಗಳನ್ನು ನೆಟ್ಟ ಕುಂಡಗಳಲ್ಲಿ ಹಾಕಿದರು. ಗೆಡ್ಡೆಗಳಿಗೆ ರೋಗ ಬಂತು. ಬೇರೆ ಕೆಲವು ಗಿಡಗಳ ಬೇರುಗಳಲ್ಲೂ ಅದೇ ಎಳೆಗಳನ್ನು ಅವರು ಗುರುತಿಸಿದರು. ಇದು ಮಣ್ಣಿನೊಳಗೆ ಬದುಕುವ, ಇನ್ನೊಂದು ಗಿಡವನ್ನು ತಿಂದು ಬೆಳೆಯುವ ಒಂದು ಗಿಡ ಎಂದು 1728ರಲ್ಲಿ ಅಕಾಡೆಮಿಯ ಮುಂದೆ ವಾದಿಸಿದರು. ಶಿಲೀಂಧ್ರವನ್ನೂ ಆ ಕಾಲದವರು ಗಿಡವೆಂದೇ ಎಣಿಸುತ್ತಿದ್ದರು. ರೈತರ ಕಂದಕ ಏಕೆ ಕೆಲಸ ಮಾಡುತ್ತಿತ್ತು ಎಂಬುದಕ್ಕೂ ಈಗ ಕಾರಣ ಸಿಕ್ಕಿತು: ಎಳೆಗಳು ಆ ತೆರಪನ್ನು ದಾಟಲಾರವು. ಆ ಸಲಹೆಗೆ ಅವರು ಹೊಸದೇನನ್ನೂ ಸೇರಿಸಬೇಕಾಗಿರಲಿಲ್ಲ.

ಆದರೆ ಈ ಮಾತು ಬಹುಕಾಲ ಒಂಟಿಯಾಗಿಯೇ ಉಳಿಯಿತು. ಗಿಡದ ಮೇಲೆ ಕಾಣುವ ಬೂಸ್ಟು ರೋಗದಿಂದ ಹುಟ್ಟಿದ್ದು, ರೋಗವನ್ನು ಹುಟ್ಟಿಸಿದ್ದಲ್ಲ ಎಂಬ ನಂಬಿಕೆಯೇ ಬಲವಾಗಿತ್ತು. ಕೆಟ್ಟ ಗಾಳಿ, ಅತಿ ಮಳೆ, ಗಿಡದ ರಸದ ದೋಷ, ಇವೇ ಕಾರಣಗಳೆಂದು ಪಂಡಿತರು ಹೇಳುತ್ತಿದ್ದರು. ದ್ಯುಹಾಮೆಲ್ ಕಂಡ ಶಿಲೀಂಧ್ರಕ್ಕೆ 1815ರಲ್ಲಿ ದ ಕಾಂದೋಲ್ ‘ರೈಜೋಕ್ಟೋನಿಯಾ’ ಎಂಬ ಕುಲನಾಮ ಕೊಟ್ಟರು. ಗ್ರೀಕಿನಲ್ಲಿ ಬೇರನ್ನು ಕೊಲ್ಲುವುದು ಎಂದರ್ಥ. ಹೆಸರಿನಲ್ಲೇ ಕೊಲೆಯ ಆರೋಪವಿದ್ದರೂ 1845ರಲ್ಲಿ ಆಲೂಗಡ್ಡೆಗೆ ಅಂಗಮಾರಿ ಬಂದು ಐರ್ಲೆಂಡ್ ಹಸಿವಿಗೆ ಬಿದ್ದಾಗಲೂ ಪಂಡಿತರು ಅದೇ ಹಳೆಯ ಚರ್ಚೆ ಮಾಡುತ್ತಿದ್ದರು: ಬೂಸ್ಟು ಕಾರಣವೋ, ಪರಿಣಾಮವೋ? ಜರ್ಮನಿಯ ಆಂಟನ್ ದ ಬಾರಿ 1861ರ ಹೊತ್ತಿಗೆ ಪ್ರಯೋಗ ಮಾಡಿ ತೋರಿಸಿದ ಮೇಲೆಯೇ ಆ ಚರ್ಚೆ ತಣ್ಣಗಾದದ್ದು. ಗಾತಿನೆಯ ಕುಂಡಗಳಿಂದ ಅಲ್ಲಿಗೆ 133 ವರ್ಷ.

ಈಗ ಹಾಲೆಂಡಿಗೆ ಹೋಗೋಣ. ಹಾರ್ಲೆಮ್ ನಗರದ ಸುತ್ತಮುತ್ತ, ಕಡಲ ದಿಣ್ಣೆಗಳ ಹಿಂದಿನ ಮರಳು ಭೂಮಿಯಲ್ಲಿ ಹಯಸಿಂತ್ ಬೆಳೆಯುತ್ತಾರೆ. ಹಯಸಿಂತ್ ಗೆಡ್ಡೆ ತಾನಾಗಿ ಮರಿ ಹಾಕುವುದು ಕಡಿಮೆ. ಅದಕ್ಕೆ ಬೆಳೆಗಾರರು ಬುಡದ ಬಿಲ್ಲೆಯನ್ನು ಚಾಕುವಿನಿಂದ ಕೆತ್ತಿ ತೆಗೆಯುತ್ತಾರೆ, ಇಲ್ಲವೇ ಅಡ್ಡಡ್ಡ ಸೀಳುತ್ತಾರೆ. ಗಾಯದ ಅಂಚಿನಲ್ಲಿ ಸಣ್ಣ ಸಣ್ಣ ಗೆಡ್ಡೆಗಳು ಹುಟ್ಟುತ್ತವೆ. ಅವು ಮಾರುವ ಗಾತ್ರಕ್ಕೆ ಬರಲು ಮತ್ತೆ ಕೆಲವು ವರ್ಷ ಬೇಕು. ಹೀಗೆ ದಿನವಿಡೀ ಗೆಡ್ಡೆಯನ್ನು ಕೊಯ್ಯುತ್ತಿದ್ದವರು ಗೆಡ್ಡೆಯ ಒಳಗನ್ನು ಯಾವ ವಿಜ್ಞಾನಿಗಿಂತಲೂ ಹೆಚ್ಚು ನೋಡಿದ್ದರು.

ಅದು ಅವರ ಭಾಷೆಯಲ್ಲೇ ತಿಳಿಯುತ್ತದೆ. ಡಚ್ ಬೆಳೆಗಾರರಿಗೆ ಕೊಳೆರೋಗ ಒಂದಲ್ಲ, ಹಲವು. ಕೊಯ್ದಾಗ ಹಳದಿ ಚುಕ್ಕೆ ಕಂಡರೆ ಅದು ‘ಹಳದಿ ಕಾಯಿಲೆ’. ಪದರುಗಳಲ್ಲಿ ಕಂದು ಉಂಗುರ ಕಂಡರೆ ‘ಉಂಗುರ ಕಾಯಿಲೆ’. ಗೆಡ್ಡೆ ಕರಗಿ ಬಿಳಿ ಲೋಳೆಯಾದರೆ ‘ಬಿಳಿ ಸಿಂಬಳ’. ಕಪ್ಪಾಗಿ, ಒಳಗೆ ಸಾಸಿವೆಗಿಂತ ದಪ್ಪನೆಯ ಕರಿ ಗಂಟುಗಳು ಕಂಡರೆ ‘ಕಪ್ಪು ಸಿಂಬಳ’. ಹೌದು, ಮೂಗಿನ ಸಿಂಬಳಕ್ಕೆ ಅವರು ಹೇಳುವ ಮಾತೇ ಇಲ್ಲಿಯೂ. ಈ ಹೆಸರುಗಳಲ್ಲಿ ನಯವಿಲ್ಲ, ಆದರೆ ಕಣ್ಣಿದೆ. ಎಲ್ಲವನ್ನೂ ಕೊಳೆ ಎಂದು ಒಂದೇ ಬುಟ್ಟಿಗೆ ಹಾಕದೆ, ಬಣ್ಣ ಯಾವುದು, ಎಲ್ಲಿದೆ, ಯಾವ ಆಕಾರದಲ್ಲಿದೆ ಎಂದು ಬೇರ್ಪಡಿಸಿ ಇಟ್ಟಿದ್ದರು.

1860ರಲ್ಲಿ ಈ ಬೆಳೆಗಾರರು ಸೇರಿ ಹಾರ್ಲೆಮ್‌ನಲ್ಲಿ ಒಂದು ಸಂಘ ಕಟ್ಟಿಕೊಂಡಿದ್ದರು. 1880ರ ದಶಕದ ಆರಂಭದಲ್ಲಿ ಆ ಸಂಘ ತನ್ನ ರೋಗಗಳನ್ನು ಪರೀಕ್ಷಿಸಲು ಯಾನ್ ಹೆಂಡ್ರಿಕ್ ವಾಕರ್ ಎಂಬ ಸಸ್ಯವಿಜ್ಞಾನಿಯನ್ನು ನೇಮಿಸಿತು. 1859ರಲ್ಲಿ ಹುಟ್ಟಿದ ವಾಕರ್ ಆಗಿನ್ನೂ ಇಪ್ಪತ್ತರ ಹರೆಯದಲ್ಲಿದ್ದರು. ಅವರು ಬೆಳೆಗಾರರ ಹೆಸರುಗಳನ್ನೇ ಹಿಡಿದು ಹೊರಟರು. ಹಳದಿ ಕಾಯಿಲೆಯ ಗೆಡ್ಡೆಯನ್ನು ಅಡ್ಡ ಕೊಯ್ದರೆ ಹಳದಿ ಚುಕ್ಕೆಗಳು ಕಾಣುತ್ತಿದ್ದವು. ಉದ್ದಕ್ಕೆ ಸೀಳಿದರೆ ಅದೇ ಚುಕ್ಕೆಗಳು ಗೆರೆಗಳಾಗುತ್ತಿದ್ದವು. ಅಂದರೆ ಅವು ನೀರು ಸಾಗಿಸುವ ನಾಳಗಳು. ನಾಳಗಳಿಂದ ಹಳದಿ ಲೋಳೆ ಉಕ್ಕಿ ಬರುತ್ತಿತ್ತು. ಸೂಕ್ಷ್ಮದರ್ಶಕದಡಿ ಇಟ್ಟರೆ ಆ ಲೋಳೆಯಲ್ಲಿ ಬ್ಯಾಕ್ಟೀರಿಯಾ ಬಿಟ್ಟು ಬೇರೇನೂ ಇರಲಿಲ್ಲ. ಲೋಳೆಯನ್ನು ಆರೋಗ್ಯವಾಗಿದ್ದ ಗಿಡಕ್ಕೆ ಸೋಂಕಿಸಿದಾಗ ರೋಗ ಹತ್ತಿತು. 1883ರಲ್ಲಿ ವಾಕರ್ ಅದನ್ನು ಪ್ರಕಟಿಸಿದರು.

ಬ್ಯಾಕ್ಟೀರಿಯಾ ಗಿಡಗಳಿಗೆ ರೋಗ ತರುತ್ತದೆಂದು ತೋರಿಸಿದ ಮೊಟ್ಟಮೊದಲ ಕೆಲಸಗಳಲ್ಲಿ ಇದೊಂದು. ಅಮೆರಿಕದ ಇಲಿನಾಯ್‌ನಲ್ಲಿ ಥಾಮಸ್ ಬರಿಲ್ ಅದಕ್ಕೆ ಸ್ವಲ್ಪ ಮೊದಲು ಪೇರು ಮರದ ರೋಗವೊಂದರಲ್ಲಿ ಹೀಗೇ ಹೇಳಿದ್ದರು. ಆದರೆ ಜರ್ಮನಿಯ ದೊಡ್ಡ ವಿದ್ವಾಂಸರು ಒಪ್ಪಲಿಲ್ಲ. ಗಿಡದ ರಸ ಹುಳಿ, ಅದರಲ್ಲಿ ಬ್ಯಾಕ್ಟೀರಿಯಾ ಬೆಳೆಯದು ಎಂದರು ಕೆಲವರು. ಆಲ್ಫ್ರೆಡ್ ಫಿಷರ್ 1897ರಲ್ಲಿ ಬ್ಯಾಕ್ಟೀರಿಯಾ ಕುರಿತ ತಮ್ಮ ಪುಸ್ತಕದಲ್ಲಿ ಗಿಡಗಳಿಗೆ ಬ್ಯಾಕ್ಟೀರಿಯಾದಿಂದ ರೋಗ ಬರುವುದೆಂಬ ಮಾತನ್ನೇ ಅಲ್ಲಗಳೆದರು. ಅವು ಗಾಯದಲ್ಲಿ, ಸತ್ತ ಭಾಗದಲ್ಲಿ ಸೇರಿಕೊಳ್ಳುವ ಜೀವಿಗಳು ಅಷ್ಟೇ ಎಂಬುದು ಅವರ ವಾದ. ಗಮನಿಸಿ, ಇದು ದ್ಯುಹಾಮೆಲ್ ಎದುರಿಸಿದ ಪ್ರಶ್ನೆಯೇ. ಶಿಲೀಂಧ್ರ ಇದ್ದ ಕಡೆ ಈಗ ಬ್ಯಾಕ್ಟೀರಿಯಾ ನಿಂತಿತ್ತು, ಅಷ್ಟೇ ವ್ಯತ್ಯಾಸ.

ಫಿಷರ್ ಅವರ ಅನುಮಾನ ತೀರಾ ಹುರುಳಿಲ್ಲದ್ದೇನೂ ಆಗಿರಲಿಲ್ಲ. ವಾಕರ್ ಆ ಬ್ಯಾಕ್ಟೀರಿಯಾವನ್ನು ಬೇರೆ ಜೀವಿಗಳಿಂದ ಪೂರ್ತಿ ಬೇರ್ಪಡಿಸಿ ಬೆಳೆಸಿರಲಿಲ್ಲ. ಆ ಕೊರತೆ ತುಂಬಿದವರು ಅಮೆರಿಕದ ಕೃಷಿ ಇಲಾಖೆಯ ಎರ್ವಿನ್ ಸ್ಮಿತ್. ಅವರು ಹಳದಿ ಲೋಳೆಯಿಂದ ಆ ಒಂದೇ ಬ್ಯಾಕ್ಟೀರಿಯಾವನ್ನು ಬಿಡಿಸಿ ಬೆಳೆಸಿದರು, ಅದನ್ನು ಗಿಡಕ್ಕೆ ಚುಚ್ಚಿ ರೋಗ ತರಿಸಿದರು. ‘ವಾಕರ್ ಕಂಡ ಹಯಸಿಂತ್ ರೋಗಾಣು’ ಎಂಬ ಅರ್ಥದ ಹೆಸರಿಟ್ಟು 1901ರಲ್ಲಿ ಇಡೀ ಒಂದು ಪುಸ್ತಿಕೆಯನ್ನೇ ಬರೆದರು. ಫಿಷರ್ ಮತ್ತು ಸ್ಮಿತ್ ನಡುವೆ ಪತ್ರಿಕೆಯಲ್ಲಿ ನಡೆದ ಜಗಳ ಸಸ್ಯರೋಗ ವಿಜ್ಞಾನದ ಚರಿತ್ರೆಯಲ್ಲಿ ಪ್ರಸಿದ್ಧ. ಗೆದ್ದದ್ದು ಸ್ಮಿತ್. ಆ ಹೊತ್ತಿಗೆ ವಾಕರ್ ಜಾವಾ ದ್ವೀಪಕ್ಕೆ ಹೋಗಿ ಕಬ್ಬಿನ ರೋಗಗಳ ಮೇಲೆ ಕೆಲಸ ಮಾಡಿ, 1898ರಲ್ಲಿ ಗೆಳೆಯರೊಬ್ಬರೊಡನೆ ಅದರ ಬಗ್ಗೆ ಪುಸ್ತಕವನ್ನೂ ಹೊರತಂದಿದ್ದರು.

ಈ ಜಗಳದಿಂದ ಬೆಳೆಗಾರನಿಗೆ ಸಿಕ್ಕಿದ್ದೇನು? ಒಂದು ಮುಖ್ಯ ತಿಳಿವು. ಹಳದಿ ಬ್ಯಾಕ್ಟೀರಿಯಾ ನಿಧಾನಗಾರ. ನಾಳದೊಳಗೆ ಕೂತು ಮೆಲ್ಲನೆ ಹೆಚ್ಚುತ್ತದೆ. ಗೆಡ್ಡೆಯನ್ನು ಕರಗಿಸಿ ನಾರುವಂತೆ ಮಾಡುವುದು ಹೆಚ್ಚಾಗಿ ಅದರ ಹಿಂದೆ ಬರುವ ಇತರ ಜೀವಿಗಳು. ಹಾಗಾಗಿ ನಾರುವ ಗೆಡ್ಡೆಯನ್ನು ಎಸೆದರೆ ಸಾಲದು. ಹೊರಗೆ ಚೆನ್ನಾಗಿ ಕಾಣುವ, ಒಳಗೆ ಒಂದೆರಡು ಹಳದಿ ಚುಕ್ಕೆ ಇರುವ ಗೆಡ್ಡೆಯೇ ಅಪಾಯದ್ದು. ಅದನ್ನು ಕೊಯ್ದ ಚಾಕುವಿನಿಂದಲೇ ಮುಂದಿನ ಗೆಡ್ಡೆ ಕೊಯ್ದರೆ ರೋಗವನ್ನು ಕೈಯಾರೆ ನೆಟ್ಟಂತೆ. ಗೆಡ್ಡೆ ಗೆಡ್ಡೆಗೂ ಚಾಕುವನ್ನು ಶುದ್ಧಮಾಡುವ ಪದ್ಧತಿಗೆ ಇದರಿಂದ ಅರ್ಥ ಬಂತು. ಮುಂದೆ ಗೋದಾಮಿನಲ್ಲಿ ಬೇಕೆಂದೇ ಶಾಖ ಹೆಚ್ಚಿಸಿ, ಒಳಗೆ ಅಡಗಿದ ರೋಗ ಹೊರಬೀಳುವಂತೆ ಮಾಡಿ, ಅಂಥ ಗೆಡ್ಡೆಗಳನ್ನು ಆರಿಸಿ ಎಸೆಯುವ ಕ್ರಮವೂ ಹಾಲೆಂಡಿನಲ್ಲಿ ಬಂತು. ಇಂದು ಆ ಬ್ಯಾಕ್ಟೀರಿಯಾದ ಕುಲದ ಹೆಸರು ಕ್ಸಾಂತೊಮೊನಾಸ್. ‘ಕ್ಸಾಂತೋಸ್’ ಎಂದರೆ ಹಳದಿ. ಹಳದಿ ಕಾಯಿಲೆ ಎಂದ ಬೆಳೆಗಾರನ ಮಾತು ಗ್ರೀಕ್ ವೇಷ ತೊಟ್ಟು ಉಳಿದುಕೊಂಡಿತು.

ಮೂರನೆಯ ಕಥೆಯಲ್ಲಿ ಹೆಸರೇ ದಾರಿ ತಪ್ಪಿಸಿತು. ಇಂಗ್ಲೆಂಡಿನಲ್ಲಿ ಇಪ್ಪತ್ತನೆಯ ಶತಮಾನದ ಆರಂಭಕ್ಕೆ ನಾರ್ಸಿಸಸ್, ಅಂದರೆ ಡ್ಯಾಫೋಡಿಲ್ ಬಳಗದ ಹೂವುಗಳ ಬೇಸಾಯ ದೊಡ್ಡ ಕಸುಬಾಗಿತ್ತು. ಸಿಲಿ ದ್ವೀಪಗಳಿಂದ, ಕಾರ್ನ್‌ವಾಲ್‌ನಿಂದ, ಲಿಂಕನ್‌ಶೈರ್‌ನಿಂದ ಹೂವಿನ ಪೆಟ್ಟಿಗೆಗಳು ರೈಲು ಹತ್ತುತ್ತಿದ್ದವು. ಹೊಸ ತಳಿಯ ಒಂದೊಂದು ಗೆಡ್ಡೆಗೆ ಹತ್ತಾರು ಪೌಂಡ್ ಕೊಡುವವರಿದ್ದರು. ಅಂಥ ಹೊತ್ತಿನಲ್ಲಿ ಗೆಡ್ಡೆಗಳು ಸಾಲುಸಾಲಾಗಿ ಕೊಳೆಯತೊಡಗಿದವು. ಆ ವಿಪತ್ತನ್ನು ಅಲ್ಲಿಯವರು ಕರೆದದ್ದು ‘ನಾರ್ಸಿಸಸ್ ಕಾಯಿಲೆ’ ಎಂದು. ಒಂದೇ ಹೆಸರು, ಬಣ್ಣವಿಲ್ಲ, ಉಂಗುರವಿಲ್ಲ, ಸಿಂಬಳವಿಲ್ಲ.

ಒಂದು ಕಾಯಿಲೆಗೆ ಒಬ್ಬನೇ ಅಪರಾಧಿ ಇರಬೇಕಲ್ಲ. ಅಪರಾಧಿ ಆಗಲೇ ಕಡತದಲ್ಲಿದ್ದ. 1887ರಲ್ಲಿ ಮೊರ್ಡೆಕಾಯ್ ಕ್ಯೂಬಿಟ್ ಕುಕ್ ಮತ್ತು ಜಾರ್ಜ್ ಮ್ಯಾಸಿ ಎಂಬ ಶಿಲೀಂಧ್ರ ತಜ್ಞರು ನಾರ್ಸಿಸಸ್ ಗೆಡ್ಡೆಯ ಮೇಲೆ ಬೆಳೆಯುವ ಒಂದು ಫ್ಯುಸೇರಿಯಂ ಶಿಲೀಂಧ್ರಕ್ಕೆ ಹೆಸರಿಟ್ಟಿದ್ದರು. 1913ರಲ್ಲಿ ಮ್ಯಾಸಿ ಆ ಶಿಲೀಂಧ್ರವೇ ಗೆಡ್ಡೆ ರೋಗಕ್ಕೆ ಕಾರಣವೆಂದು ಬರೆದರು. ಕೊಳೆತ ಗೆಡ್ಡೆಯಲ್ಲಿ ಅದು ಸಿಗುತ್ತಿದ್ದುದೂ ನಿಜ. ಆದರೆ ಶಿಲೀಂಧ್ರಕ್ಕೆಂದು ಮಾಡಿದ ಉಪಚಾರಗಳಿಂದ ರೋಗ ನಿಲ್ಲಲಿಲ್ಲ.

1916ರಲ್ಲಿ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ ತನ್ನ ವಿಸ್ಲಿ ತೋಟದಲ್ಲಿ ಈ ಕೆಲಸವನ್ನು ಜೇಮ್ಸ್ ಕಿರ್ಕಮ್ ರಾಮ್ಸ್‌ಬಾಟಮ್ ಎಂಬ ಯುವಕನಿಗೆ ವಹಿಸಿತು. ಮಹಾಯುದ್ಧದ ನಡುವಿನ ವರ್ಷಗಳು ಅವು. ರಾಮ್ಸ್‌ಬಾಟಮ್ ಪೂರ್ತಿ ಕೊಳೆತ ಗೆಡ್ಡೆಗಳನ್ನು ಬಿಟ್ಟು, ರೋಗ ಶುರುವಾಗುತ್ತಿದ್ದ ಗಿಡಗಳತ್ತ ನೋಡಿದರು. ಹಸಿರು ಎಲೆಯ ಮೇಲೆ ಅಲ್ಲಲ್ಲಿ ತಿಳಿ ಹಳದಿಯ ಸಣ್ಣ ಉಬ್ಬುಗಳಿದ್ದವು. ಕಣ್ಣಿಗೆ ತಪ್ಪಿದರೂ ಎಲೆಯನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಮೆಲ್ಲಗೆ ಎಳೆದರೆ ಬೆರಳಿಗೆ ಗಂಟು ಸಿಗುತ್ತಿತ್ತು. ಆ ಗಂಟನ್ನು ಬಿಡಿಸಿ ನೀರಿನ ಹನಿಯಲ್ಲಿಟ್ಟರೆ ಶಿಲೀಂಧ್ರ ಇರಲಿಲ್ಲ. ಒಂದು ಮಿಲಿಮೀಟರಿಗಿಂತ ತುಸು ಉದ್ದದ, ಗಾಜಿನಂಥ ದುಂಡುಹುಳುಗಳು ತೆವಳುತ್ತಿದ್ದವು. ಗೆಡ್ಡೆಯನ್ನು ಅಡ್ಡ ಕೊಯ್ದರೆ ಹುಳು ಹೊಕ್ಕ ಪದರುಗಳು ಕಂದು ಉಂಗುರಗಳಾಗಿ ಕಾಣುತ್ತಿದ್ದವು. ಡಚ್ಚರು ಹಯಸಿಂತಿನಲ್ಲಿ ‘ಉಂಗುರ ಕಾಯಿಲೆ’ ಎಂದು ಬೇರೆಯಾಗಿಯೇ ಇಟ್ಟಿದ್ದ ರೋಗವೂ ಈ ಹುಳುವಿನದೇ.

ಹುಳುವಿಗೆ ತಕ್ಕ ಮದ್ದು ಬೇಕಿತ್ತು. ಗೆಡ್ಡೆಯೊಳಗಿನ ಹುಳು ಸಾಯಬೇಕು, ಗೆಡ್ಡೆ ಬದುಕಬೇಕು. ರಾಮ್ಸ್‌ಬಾಟಮ್ ಬಿಸಿನೀರಿನತ್ತ ಹೊರಳಿದರು. 110 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 43 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನ ನೀರಿನಲ್ಲಿ ಮಲಗಿದ ಗೆಡ್ಡೆಗಳನ್ನು ಮೂರು ಗಂಟೆಯ ಸುಮಾರು ಮುಳುಗಿಸಿಟ್ಟರೆ ಹುಳುಗಳು ಸಾಯುತ್ತಿದ್ದವು. ತುಸು ಕಡಿಮೆಯಾದರೆ ಹುಳು ಉಳಿಯುತ್ತದೆ, ತುಸು ಹೆಚ್ಚಾದರೆ ಒಳಗಿನ ಹೂಮೊಗ್ಗು ಬೇಯುತ್ತದೆ. ಸ್ನಾನದ ನೀರಿಗಿಂತ ತುಸುವೇ ಹೆಚ್ಚಿನ ಈ ಬಿಸಿ ಒಂದು ಕಸುಬನ್ನು ಉಳಿಸಿತು. 1917ರಲ್ಲಿ ಅವರು ಸೊಸೈಟಿಯ ಮುಂದೆ ಇದನ್ನು ವಿವರಿಸಿದರು. ಬೆಳೆಗಾರರ ಕೊಟ್ಟಿಗೆಗಳಲ್ಲಿ ಬಿಸಿನೀರಿನ ತೊಟ್ಟಿಗಳು ಬಂದವು. ರಾಮ್ಸ್‌ಬಾಟಮ್ ಹೆಚ್ಚು ಕಾಲ ಬದುಕಲಿಲ್ಲ. 1925ರಲ್ಲಿ, ನಲವತ್ತು ತುಂಬುವ ಮೊದಲೇ ತೀರಿಕೊಂಡರು.

ಕಥೆ ಇಲ್ಲಿಗೆ ಮುಗಿದಿದ್ದರೆ ಮ್ಯಾಸಿ ತಪ್ಪು, ರಾಮ್ಸ್‌ಬಾಟಮ್ ಸರಿ ಎಂದು ಹೇಳಿ ಎದ್ದುಬಿಡಬಹುದಿತ್ತು. ಆದರೆ ಬಿಸಿನೀರಿನ ತೊಟ್ಟಿಯಿಂದ ಹೊರಬಂದ ಗೆಡ್ಡೆಗಳಲ್ಲಿ ಕೆಲವು ಮತ್ತೆ ಕೊಳೆಯತೊಡಗಿದವು. ಈ ಬಾರಿ ಉಂಗುರವಿರಲಿಲ್ಲ. ಕೊಳೆ ಬುಡದ ಬಿಲ್ಲೆಯಿಂದ ಶುರುವಾಗಿ ಕಂದು ಬಣ್ಣದಲ್ಲಿ ಮೇಲೇರುತ್ತಿತ್ತು, ಪದರುಗಳ ನಡುವೆ ಬಿಳಿ-ಗುಲಾಬಿ ಬೂಸ್ಟು ಕಾಣುತ್ತಿತ್ತು. ಅದು ಫ್ಯುಸೇರಿಯಂ, ಹಳೆಯ ಕಡತದ ಅಪರಾಧಿ. ನಾರ್ಸಿಸಸ್ ಕಾಯಿಲೆ ಎಂದು ಕರೆದದ್ದು ಒಂದಾಗಿರಲಿಲ್ಲ, ಕನಿಷ್ಠ ಎರಡಾಗಿತ್ತು. ಅಷ್ಟೇ ಅಲ್ಲ, ಒಂದರ ಮದ್ದು ಇನ್ನೊಂದನ್ನು ಹರಡುತ್ತಿತ್ತು. ಹುಳು ಸಾಯುವ ಬಿಸಿಗೆ ಆ ಶಿಲೀಂಧ್ರದ ಬೀಜಕಣಗಳು ಸಾಯುವುದಿಲ್ಲ. ಒಂದು ರೋಗದ ಗೆಡ್ಡೆ ತೊಟ್ಟಿಗಿಳಿದರೆ ಅದರ ಬೀಜಕಣಗಳು ನೂರಾರು ಗೆಡ್ಡೆಗಳ ಮೈಗೆ ಅಂಟುತ್ತಿದ್ದವು. ಕಡೆಗೆ ತೊಟ್ಟಿಯ ನೀರಿಗೆ ಫಾರ್ಮಾಲಿನ್ ಬೆರೆಸುವುದು ರೂಢಿಯಾಯಿತು: ಬಿಸಿ ಹುಳುವಿಗೆ, ಫಾರ್ಮಾಲಿನ್ ಬೀಜಕಣಕ್ಕೆ.

ಎರಡನ್ನೂ ಗುರುತಿಸುವ ಉಪಾಯ ಇಂದಿಗೂ ಬೆಳೆಗಾರನ ಚಾಕುವಿನಲ್ಲೇ ಇದೆ. ಗೆಡ್ಡೆಯನ್ನು ಅಡ್ಡ ಕೊಯ್ದಾಗ ಕಂದು ಉಂಗುರ ಕಂಡರೆ ಹುಳುವಿನ ಅನುಮಾನ. ಉದ್ದಕ್ಕೆ ಸೀಳಿದಾಗ ಕಂದು ಬುಡದಿಂದ ಮೇಲೇರಿದ್ದರೆ ಫ್ಯುಸೇರಿಯಂ. ಹಯಸಿಂತಿನಲ್ಲಿ ಹಳದಿ ಚುಕ್ಕೆಯೂ ಲೋಳೆಯೂ ಇದ್ದರೆ ಬ್ಯಾಕ್ಟೀರಿಯಾ. ಟುಲಿಪ್ ಗೋದಾಮಿನಲ್ಲಿ ಮೂಗೂ ಕೆಲಸಕ್ಕೆ ಬರುತ್ತದೆ: ಫ್ಯುಸೇರಿಯಂ ಹೊಕ್ಕ ಟುಲಿಪ್ ಗೆಡ್ಡೆಗೆ ಹುಳಿ ವಾಸನೆ, ಡಚ್ಚರು ಆ ರೋಗವನ್ನು ‘ಹುಳಿ’ ಎಂದೇ ಕರೆಯುತ್ತಾರೆ. ಅಂಥ ಗೆಡ್ಡೆಗಳು ಎಥಿಲೀನ್ ಅನಿಲ ಬಿಡುತ್ತವೆ, ಬಾಳೆಕಾಯಿಯನ್ನು ಹಣ್ಣಾಗಿಸುವ ಅದೇ ಅನಿಲ. ಪಕ್ಕದ ಪೆಟ್ಟಿಗೆಯ ಒಳ್ಳೆಯ ಗೆಡ್ಡೆಯಲ್ಲಿ, ರೋಗಾಣು ಸೋಕದೆಯೇ, ಹೂಮೊಗ್ಗು ಬರೀ ಆ ಗಾಳಿಗೆ ಸಾಯುತ್ತದೆ. ಎಲ್ಲದರಲ್ಲೂ ಕೇಳುವ ಪ್ರಶ್ನೆ ಒಂದೇ: ಕೊಳೆ ಎಷ್ಟಿದೆ ಎಂದಲ್ಲ, ಎಲ್ಲಿಂದ ಶುರುವಾಯಿತು ಎಂದು.

ಈ ಕಥೆಯಲ್ಲಿ ಹಾದುಹೋದ ಒಂದು ಹೆಸರು ಕನ್ನಡಕ್ಕೆ ನೇರವಾಗಿ ಸಂಬಂಧಪಟ್ಟದ್ದು. ನಾರ್ಸಿಸಸ್ಸಿನ ಶಿಲೀಂಧ್ರಕ್ಕೆ ಹೆಸರಿಟ್ಟ ಇಬ್ಬರಲ್ಲಿ ಒಬ್ಬರಾದ ಕುಕ್, ಅದಕ್ಕೆ ಹನ್ನೊಂದು ವರ್ಷ ಮೊದಲು, 1876ರಲ್ಲಿ, ಮೈಸೂರು ಸೀಮೆಯ ಕಾಫಿ ಎಲೆಗಳನ್ನು ಕಪ್ಪಾಗಿಸಿ ಕೊಳೆಸುತ್ತಿದ್ದ ಶಿಲೀಂಧ್ರವೊಂದಕ್ಕೆ ಹೆಸರಿಟ್ಟಿದ್ದರು. ಲ್ಯಾಟಿನ್ ರೂಪದ ಆ ಹೆಸರಿನ ಎರಡನೆಯ ಪದ ‘ಕೊಳೆರೋಗ’. ಎರಡೂ ಹೆಸರುಗಳು ಪ್ರಕಟವಾದದ್ದು ಅವರೇ 1872ರಲ್ಲಿ ಶುರುಮಾಡಿದ ‘ಗ್ರೆವಿಲ್ಲಿಯಾ’ ಪತ್ರಿಕೆಯಲ್ಲಿ. ಹೀಗೆ ನಮ್ಮ ಮಲೆನಾಡಿನ ಮಾತೊಂದು ಜಗತ್ತಿನ ಶಿಲೀಂಧ್ರಗಳ ಪಟ್ಟಿಗೆ ಸೇರಿತು.

ಆದರೆ ಕೊಳೆರೋಗ ಎಂಬುದು ಮಲೆನಾಡಿನವರಿಗೆ ಕಾಫಿಯ ಒಂದು ಶಿಲೀಂಧ್ರದ ಹೆಸರಲ್ಲ. ಮಳೆಗಾಲದಲ್ಲಿ ಅಡಿಕೆ ಗೊನೆ ಕೊಳೆತರೂ ಕೊಳೆರೋಗವೇ. ಅದರಿಂದ ಗೊನೆ ಕಾಪಾಡಲು ಕೊಟ್ಟೆ ಕಟ್ಟುವುದು ತೋಟಿಗರ ಹಳೆಯ ರೂಢಿ. ಅಡಿಕೆಯ ಕೊಳೆ ಬೇರೊಂದು ಜೀವಿಯದು, ಆಲೂಗಡ್ಡೆಯ ಅಂಗಮಾರಿಯ ಬಳಗದ ಫೈಟಾಫ್ತೊರಾದ್ದು ಎಂದು 1910ರಲ್ಲಿ ಬಿಡಿಸಿ ಹೇಳಿದವರು ಮೈಸೂರು ಸರ್ಕಾರದ ಕೆಲಸದಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್. ಬೋರ್ಡೋ ದ್ರಾವಣ ಸಿಂಪಡಿಸುವ ಪದ್ಧತಿ ತೋಟಗಳಿಗೆ ಬಂದದ್ದು ಆ ಗುರುತಿನಿಂದ. ಗೆಡ್ಡೆಯ ವಿಷಯಕ್ಕೇ ಬಂದರೆ, ಶುಂಠಿ ಬೆಳೆದವರಿಗೆ ಈ ಗೋಜಲು ಚೆನ್ನಾಗಿ ಗೊತ್ತು. ಪಿಥಿಯಂನಿಂದ ಬಂದರೂ ಗೆಡ್ಡೆ ಕೊಳೆಯುತ್ತದೆ, ಬ್ಯಾಕ್ಟೀರಿಯಾದಿಂದ ಗಿಡ ಸೊರಗಿದರೂ ಕೊನೆಗೆ ಗೆಡ್ಡೆ ಕೊಳೆಯುತ್ತದೆ. ಕಾಂಡವನ್ನು ಕೊಯ್ದು ತಿಳಿನೀರಿನ ಲೋಟದಲ್ಲಿ ನಿಲ್ಲಿಸಿದಾಗ ಹಾಲಿನಂಥ ಎಳೆ ಇಳಿದರೆ ಅದು ಬ್ಯಾಕ್ಟೀರಿಯಾ. ವಾಕರ್ ಹಯಸಿಂತಿನ ನಾಳದಲ್ಲಿ ಕಂಡ ಲೋಳೆಯನ್ನು ಹುಡುಕುವ ಬಗೆಯೇ ಇದು, ಲೋಟ ಮಾತ್ರ ನಮ್ಮದು.

ಇಂದು ಪ್ರಯೋಗಾಲಯಗಳು ಡಿಎನ್‌ಎ ಓದಿ ರೋಗಾಣುವಿನ ಹೆಸರು ಹೇಳುತ್ತವೆ. ಆದರೆ ಕೊಳೆತ ಮುದ್ದೆಯನ್ನೇ ಪರೀಕ್ಷೆಗೆ ಕಳಿಸಿದರೆ ಅಲ್ಲಿಂದ ಬರುವುದು ಸಂತೆಗೆ ಬಂದ ಎಲ್ಲರ ಹೆಸರು. ಅದಕ್ಕೇ ಮಾದರಿ ತೆಗೆಯುವವರಿಗೆ ಇಂದಿಗೂ ಹೇಳಿಕೊಡುವುದು, ರೋಗದ ಭಾಗ ಮತ್ತು ಆರೋಗ್ಯದ ಭಾಗ ಕೂಡುವ ಅಂಚಿನಿಂದ ತುಣುಕು ತೆಗೆಯಿರಿ ಎಂದು. ಗಾತಿನೆಯ ಹೊಲದಲ್ಲಿ ಸಾವಿನ ವೃತ್ತದ ಅಂಚಿಗೆ ಹೋಗಿ ಅಗೆದ ದ್ಯುಹಾಮೆಲ್ ಅವರಿಗೆ ಆ ಅಂಚು ಎಲ್ಲಿದೆ ಎಂದು ಗೊತ್ತಾದದ್ದು, ರೈತರು ಅಲ್ಲಿ ಆಗಲೇ ಕಂದಕ ತೋಡಿದ್ದರಿಂದ.